ದೀರ್ಘ ಕಾಯಿಲೆಗೆ ಜೊತೆಗಾರರು ಬೇಕು

ಕೆಲವು ವರ್ಷಗಳ ಹಿಂದಿನ ಮಾತು. ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ತಾಯಿಯೊಬ್ಬರು ನನ್ನ ಬಳಿ ಬಂದರು. ಹುಡುಗನಿಗೆ ಟೈಪ್ 1 ಮಧುಮೇಹ. ತೀವ್ರ ನಿಗಾ ಘಟಕದಿಂದ ಮನೆಗೆ ಬಂದು ವಾರವಷ್ಟೇ ಆಗಿತ್ತು. ಪರಿಚಯದವರೊಬ್ಬರು ಕೊಟ್ಟ ಬೇರಿನ ಪುಡಿಯಿಂದ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆಂದು ನಂಬಿ ಮನೆಯವರು ಎರಡು ದಿನ ಇನ್ಸುಲಿನ್ ನಿಲ್ಲಿಸಿದ್ದರು. ಮೂರನೆಯ ದಿನ ಮಗು ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತಾ ಎಚ್ಚರ ತಪ್ಪಿತು. ಸಕಾಲದಲ್ಲಿ ಆಸ್ಪತ್ರೆ ಸೇರಿದ್ದರಿಂದ ಬದುಕಿತು.

ನಾನು ಗದರಿಸಿದೆ. ಇನ್ನೊಮ್ಮೆ ಹೀಗೆ ಮಾಡಿದರೆ ಮಗು ಉಳಿಯುವುದಿಲ್ಲ ಎಂದೆ. ಆಕೆ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಎದ್ದು ಹೊರಟವರು ಬಾಗಿಲ ಬಳಿ ನಿಂತು ಒಂದು ಮಾತು ಕೇಳಿದರು:

"ಡಾಕ್ಟ್ರೇ, ಇಂಥ ಮಗು ಇರೋ ಇನ್ನೊಬ್ಬ ತಾಯಿ ಯಾರಾದ್ರೂ ನಿಮಗೆ ಗೊತ್ತಾ? ಒಂದ್ಸಲ ಅವರ ಹತ್ರ ಮಾತಾಡ್ಬೇಕು."

ಔಷಧಿಯ ಚೀಟಿ, ಆಹಾರದ ಪಟ್ಟಿ, ಬುದ್ಧಿಮಾತು ಎಲ್ಲವನ್ನೂ ಕೊಟ್ಟಿದ್ದ ನನಗೆ ಇದನ್ನೂ ಕೊಡಬೇಕಿತ್ತೆಂದು ಹೊಳೆದಿರಲಿಲ್ಲ. ಇಂಥ ಇನ್ನೂ ಕೆಲವು ಮಕ್ಕಳು ನನ್ನ ಬಳಿಯೇ ಬರುತ್ತಿದ್ದರು. ಆದರೆ ಒಂದು ಮನೆಯವರಿಗೆ ಇನ್ನೊಂದು ಮನೆಯವರ ಗುರುತಿರಲಿಲ್ಲ. ಎಲ್ಲರೂ ಬೇರೆ ಬೇರೆ ದಿನ ಬಂದು, ಅದೇ ಬೆಂಚಿನ ಮೇಲೆ ಕುಳಿತು, ಅದೇ ಭಯ ಹೊತ್ತು ಮನೆಗೆ ಹೋಗುತ್ತಿದ್ದರು.

ದೀರ್ಘಕಾಲ ಕಾಡುವ ಕಾಯಿಲೆಯಲ್ಲಿ, ಅದೇ ಕಾಯಿಲೆಯೊಡನೆ ಬಾಳುತ್ತಿರುವ ಇನ್ನೊಬ್ಬರ ಒಡನಾಟವೂ ಚಿಕಿತ್ಸೆಯ ಒಂದು ಭಾಗ. ಅದನ್ನು ದೊರಕಿಸಿಕೊಡುವುದು ವೈದ್ಯರ ಮತ್ತು ಮನೆಯವರ ಕರ್ತವ್ಯ. ಕೈಯಲ್ಲಿರುವ ಮೊಬೈಲ್ ಫೋನು ಈ ಕೆಲಸವನ್ನು ಹಿಂದೆಂದಿಗಿಂತ ಸುಲಭ ಮಾಡಿದೆ. ಆದರೆ ಅದನ್ನು ಬಳಸುವ ಕ್ರಮವೊಂದಿದೆ. ಈ ವಾರ ಆ ಬಗ್ಗೆ ನಾಲ್ಕು ಮಾತು.

ವರ್ಷಕ್ಕೆ ಒಂದೇ ಗಂಟೆ

ಒಂದು ಸಣ್ಣ ಲೆಕ್ಕ ಹಾಕೋಣ. ವರ್ಷಕ್ಕೆ 8,760 ಗಂಟೆಗಳು. ಮೂರು ತಿಂಗಳಿಗೊಮ್ಮೆ ಬರುವ ರೋಗಿ ವೈದ್ಯರ ಎದುರು ಹದಿನೈದು ನಿಮಿಷ ಕುಳಿತರೆ ವರ್ಷಕ್ಕೆ ಒಂದು ಗಂಟೆ ಆಯಿತು. ಉಳಿದ 8,759 ಗಂಟೆ ಕಾಯಿಲೆಯನ್ನು ನೋಡಿಕೊಳ್ಳುವವರು ರೋಗಿ ಮತ್ತು ಆತನ ಮನೆಯವರು. ನೆಗಡಿ, ಟೈಫಾಯ್ಡ್‌ಗಳಂತೆ ಬಂದು ಹೋಗುವ ಕಾಯಿಲೆಗಳಲ್ಲಿ ಇದು ದೊಡ್ಡ ಸಂಗತಿಯಲ್ಲ. ಮಧುಮೇಹ, ಸಂಧಿವಾತ, ಅಪಸ್ಮಾರ, ಥಲಸ್ಸೀಮಿಯಾ, ಮೂತ್ರಪಿಂಡದ ವೈಫಲ್ಯಗಳಂಥ ಕಾಯಿಲೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಸಂಗತಿ.

ಟೈಪ್ 1 ಮಧುಮೇಹವನ್ನೇ ತೆಗೆದುಕೊಳ್ಳಿ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಬರುವ ಸಕ್ಕರೆ ಕಾಯಿಲೆಗಿಂತ ಇದು ಬೇರೆ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಮಗು ಸಿಹಿ ತಿಂದದ್ದಕ್ಕೂ, ತಾಯಿ ಬಸುರಿಯಲ್ಲಿ ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ನಿಂತು ಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಚೆನ್ನಾಗಿ ತಿಂದರೂ ತೂಕ ಇಳಿಯುವುದು ಇದರ ಲಕ್ಷಣಗಳು. ಹೊರಗಿನಿಂದ ಇನ್ಸುಲಿನ್ ಕೊಡುವುದೊಂದೇ ಇದಕ್ಕೆ ದಾರಿ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವವರೆಗೆ ಈ ಕಾಯಿಲೆ ಬಂದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಇಂದು ಅವರು ಓದಿ, ಕೆಲಸ ಹಿಡಿದು, ಮದುವೆಯಾಗಿ, ಮೊಮ್ಮಕ್ಕಳನ್ನೂ ಕಾಣಬಲ್ಲರು.

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಟ್ಲಾಸ್ ಪ್ರಕಾರ ಭಾರತದಲ್ಲಿ 20 ವರ್ಷದೊಳಗಿನ ಸುಮಾರು 2.29 ಲಕ್ಷ ಮಂದಿಗೆ ಈ ಕಾಯಿಲೆಯಿತ್ತು. ಆ ಅಂದಾಜಿನಲ್ಲಿ ಯಾವ ದೇಶದಲ್ಲೂ ಇಷ್ಟು ಮಂದಿ ಇರಲಿಲ್ಲ. ಸಂಖ್ಯೆ ದೊಡ್ಡದು, ದೇಶ ಇನ್ನೂ ದೊಡ್ಡದು. ಹಾಗಾಗಿ ಒಂದು ಹಳ್ಳಿಯಲ್ಲಿ, ಒಂದು ಶಾಲೆಯಲ್ಲಿ ಇಂಥ ಮಗು ಸಾಮಾನ್ಯವಾಗಿ ಒಂದೇ ಇರುತ್ತದೆ. ಆ ಮಗುವಿಗೆ ಲೋಕದಲ್ಲಿ ತಾನೊಬ್ಬನೇ ಹೀಗೆ ಎನಿಸುವುದು ಸಹಜ.

ಪುಸ್ತಕದಲ್ಲಿಲ್ಲದ ಪ್ರಶ್ನೆಗಳು

ದಿನಕ್ಕೆ ಎಷ್ಟು ಯೂನಿಟ್ ಇನ್ಸುಲಿನ್ ಎಂಬುದನ್ನು ವೈದ್ಯರು ಹೇಳುತ್ತಾರೆ. ಆದರೆ ಮನೆಯಲ್ಲಿ ಏಳುವ ಪ್ರಶ್ನೆಗಳೇ ಬೇರೆ. ಫ್ರಿಜ್ ಇಲ್ಲದ ಮನೆಯಲ್ಲಿ ಬೇಸಿಗೆಯಲ್ಲಿ ಇನ್ಸುಲಿನ್ ಇಡುವುದೆಲ್ಲಿ? ಶಾಲೆಯಲ್ಲಿ ಮಧ್ಯಾಹ್ನದ ಇಂಜೆಕ್ಷನ್ ಕೊಡುವವರು ಯಾರು? ಸೂಜಿ ಕಂಡರೆ ಓಡುವ ಐದು ವರ್ಷದ ಮಗುವನ್ನು ಒಲಿಸುವುದು ಹೇಗೆ? ಯುಗಾದಿಯ ದಿನ ಎಲ್ಲರ ಎಲೆಗೂ ಹೋಳಿಗೆ ಬಡಿಸಿ ಒಬ್ಬನ ಎಲೆ ದಾಟಿ ಹೋಗುವುದು ಹೇಗೆ? ಬೆಳೆದ ಮಗಳ ಮದುವೆಯ ಮಾತುಕತೆಯಲ್ಲಿ ಈ ವಿಷಯವನ್ನು ಯಾವಾಗ, ಯಾರು ಹೇಳಬೇಕು?

ಇವಕ್ಕೆಲ್ಲ ಉತ್ತರ ಕೊಡಬಲ್ಲವರು ಅದೇ ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆದವರು. ಒಂದರೊಳಗೊಂದು ಮಣ್ಣಿನ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಆಗಾಗ ನೀರು ಚಿಮುಕಿಸಿ, ಒಳಗಿನ ಮಡಕೆಯಲ್ಲಿ ಇನ್ಸುಲಿನ್ ಸೀಸೆಯನ್ನು ಡಬ್ಬಿಯಲ್ಲಿಟ್ಟು ನೆರಳಿನಲ್ಲಿ ಇಡುವ ಉಪಾಯವನ್ನು ಮಾಡಿ ನೋಡಿದವರು ಚೆನ್ನಾಗಿ ವಿವರಿಸುತ್ತಾರೆ. ಹೋಳಿಗೆಯನ್ನು ಪೂರ್ತಿ ನಿಷೇಧಿಸಬೇಕಿಲ್ಲ, ತಿನ್ನುವ ಪ್ರಮಾಣಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸುವುದನ್ನು ವೈದ್ಯರಿಂದ ಕಲಿಯಬಹುದು ಎಂಬ ಧೈರ್ಯವನ್ನೂ ಅವರೇ ತುಂಬುತ್ತಾರೆ. ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಸಿಬಿಎಸ್‌ಇ ಮಂಡಳಿ 2017ರಲ್ಲಿ ಇಂಥ ವಿದ್ಯಾರ್ಥಿಗಳಿಗೆ ಅನುಮತಿ ನೀಡಿತು. ಇಂಥ ಸುದ್ದಿ ಒಂಟಿ ಮನೆಗೆ ತಲಪುವುದು ತಡ. ಹತ್ತು ಮನೆಗಳು ಒಟ್ಟಿಗಿದ್ದರೆ ಅದೇ ದಿನ ತಲಪುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಮನಸ್ಸು. ರಾತ್ರಿ ಎರಡು ಗಂಟೆಗೆ ಮಗುವಿನ ಬೆರಳು ಚುಚ್ಚಿ ಸಕ್ಕರೆ ನೋಡುವ ತಾಯಿಗೆ "ಎಲ್ಲ ಸರಿಯಾಗುತ್ತೆ" ಎಂಬ ನೆಂಟರ ಸಮಾಧಾನ ಹಿತವೆನಿಸದು. "ನಾನೂ ಈಗ ಎದ್ದಿದೀನಿ ಅಕ್ಕ, ನಮ್ಮವನಿಗೂ ಇವತ್ತು ಕಡಿಮೆ ಆಗಿತ್ತು" ಎಂದು ಎಲ್ಲೋ ದೂರದ ಊರಿನವರು ಹೇಳಿದರೆ ಎದೆಯ ಭಾರ ಇಳಿಯುತ್ತದೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಮಧುಮೇಹಿಗಳಿಗೆ ಮಧುಮೇಹಿಗಳೇ ಆಸರೆಯಾಗುವ ಕಾರ್ಯಕ್ರಮಗಳನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2007ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ತಜ್ಞರ ಸಮಾಲೋಚನೆಯನ್ನೇ ನಡೆಸಿತ್ತು.

ದೂರದವರು ಹತ್ತಿರವಾದದ್ದು

ರೋಗಿಗಳು ಒಂದುಗೂಡುವುದು ಹೊಸದೇನಲ್ಲ. ರಕ್ತ ಹೆಪ್ಪುಗಟ್ಟದ ಹಿಮೊಫಿಲಿಯಾ ಕಾಯಿಲೆಯವರಿಗಾಗಿ ದುಡಿಯುತ್ತಿರುವ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ನಮ್ಮ ದಾವಣಗೆರೆಯಲ್ಲಿದೆ. ಅದನ್ನು ಕಟ್ಟಿ ಬೆಳೆಸಿದ ವೈದ್ಯ ಡಾ. ಸುರೇಶ್ ಹನಗವಾಡಿ ಅವರಿಗೆ ಸ್ವತಃ ಹಿಮೊಫಿಲಿಯಾ ಇದೆ. ನೋವು ಗೊತ್ತಿದ್ದವರು ಮುಂದೆ ನಿಂತರೆ ಏನಾಗಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಆದರೆ ಎಲ್ಲರೂ ದಾವಣಗೆರೆಗೆ ಹೋಗಿ ಬರಲಾರರು. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ, ನೋಯುವ ಕಾಲೆಳೆದುಕೊಂಡು ಸಭೆಗೆ ಹೋಗುವುದು ಎಷ್ಟು ಮಂದಿಗೆ ಸಾಧ್ಯ? ಇಲ್ಲಿ ಫೋನು ನೆರವಿಗೆ ಬರುತ್ತದೆ. ಬೀದರ್‌ನ ಮನೆ, ಮಡಿಕೇರಿಯ ಮನೆ, ದುಬೈಯಲ್ಲಿ ದುಡಿಯುತ್ತಿರುವ ಮಂಗಳೂರಿನ ಮನೆ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೇರಬಹುದು. ಬರೆಯಲು ಬಾರದ ಅಜ್ಜಿಯೂ ಧ್ವನಿ ಮುದ್ರಿಸಿ ಕಳಿಸಬಹುದು. ಹೆಸರು ಹೇಳಲು ಸಂಕೋಚವಿರುವವರು ಸುಮ್ಮನೆ ಓದಿಕೊಂಡೂ ಇರಬಹುದು.

ಹೀಗೆ ಸೇರಿದವರು ಏನು ಮಾಡಬಲ್ಲರು ಎಂಬುದಕ್ಕೆ ಅಮೆರಿಕದ ಒಂದು ನಿದರ್ಶನ ಕೇಳಿ. ನ್ಯೂಯಾರ್ಕ್ ರಾಜ್ಯದ ಜಾನ್ ಕಾಸ್ಟಿಕ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಅವರ ನಾಲ್ಕು ವರ್ಷದ ಮಗನಿಗೆ 2012ರಲ್ಲಿ ಟೈಪ್ 1 ಮಧುಮೇಹ ಕಾಣಿಸಿತು. ಚರ್ಮದಡಿ ಇರುವ ಪುಟ್ಟ ಸಂವೇದಕದ ಮೂಲಕ ಐದೈದು ನಿಮಿಷಕ್ಕೊಮ್ಮೆ ಸಕ್ಕರೆ ಅಳೆಯುವ ಯಂತ್ರ ಮಗುವಿನ ಬಳಿಯಿತ್ತು. ಆದರೆ ಆ ಅಂಕಿ ಮಗುವಿನ ಹತ್ತಿರವಿದ್ದವರಿಗೆ ಮಾತ್ರ ಕಾಣುತ್ತಿತ್ತು. ಮಗು ಶಾಲೆಯಲ್ಲಿದ್ದಾಗ ಕಚೇರಿಯಲ್ಲಿದ್ದ ತಂದೆಗೆ ತಿಳಿಯುವಂತಿರಲಿಲ್ಲ. 2013ರಲ್ಲಿ ಅವರು ಆ ಅಂಕಿ ಅಂತರ್ಜಾಲದ ಮೂಲಕ ತಮ್ಮ ಫೋನಿಗೆ ಬರುವಂತೆ ತಾವೇ ವ್ಯವಸ್ಥೆ ಮಾಡಿಕೊಂಡು, ಅದನ್ನು ಅಂತರ್ಜಾಲದಲ್ಲಿ ಇತರರಿಗೆ ತಿಳಿಸಿದರು. ಬೇರೆ ಬೇರೆ ಊರುಗಳ ತಂದೆತಾಯಿಗಳು ಕೈಜೋಡಿಸಿದರು. 'ನೈಟ್‌ಸ್ಕೌಟ್' ಎಂಬ ಹೆಸರಿನಲ್ಲಿ ಅದು 2014ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ದೂರದಿಂದಲೇ ಅಂಕಿ ನೋಡುವ ಕಂಪನಿಯ ಸಾಧನವೊಂದಕ್ಕೆ ಅಲ್ಲಿನ ಸರ್ಕಾರದ ಅನುಮತಿ ಸಿಕ್ಕಿದ್ದು 2015ರಲ್ಲಿ. ಅದಕ್ಕೂ ಮೊದಲೇ ಒಬ್ಬರನ್ನೊಬ್ಬರು ಕಣ್ಣಾರೆ ಕಾಣದ ಹೆತ್ತವರು ತಮ್ಮ ಮಕ್ಕಳಿಗಾಗಿ ಆ ಕೆಲಸ ಮಾಡಿ ಮುಗಿಸಿದ್ದರು.

ಅಂಥ ಯಂತ್ರ ನಮ್ಮಲ್ಲಿ ಅನೇಕರ ಕೈಗೆ ಎಟುಕದು, ನಿಜ. ಒಟ್ಟಾಗಿ ಯೋಚಿಸುವ ಅಭ್ಯಾಸಕ್ಕೆ ಮಾತ್ರ ಹಣ ಬೇಕಿಲ್ಲ.

ಆಸೆಗೂ ಲೆಕ್ಕ ಬೇಕು

"ಗುಂಪಿನಲ್ಲಿ ಸುಳ್ಳು ಸುದ್ದಿಯೇ ಹೆಚ್ಚಲ್ಲವೇ ಡಾಕ್ಟ್ರೇ?" ಎಂದು ನೀವು ಕೇಳಬಹುದು. ನಿಮ್ಮ ಆತಂಕ ಸರಿಯಾದದ್ದೇ. ಆ ಹುಡುಗನನ್ನು ಸಾವಿನ ಬಾಗಿಲಿಗೆ ಒಯ್ದದ್ದೂ ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಬಂದ ಮಾತೇ ತಾನೇ? ಕಾಯಿಲೆಯವರ ಆಸೆ ದೊಡ್ಡದು. ಆಸೆಯಿದ್ದಲ್ಲಿ ಮಾರುವವರೂ ಬಂದು ಸೇರುತ್ತಾರೆ.

ಇಲ್ಲಿಯೂ ಒಂದು ನಿಜ ಸಂಗತಿಯಿಂದ ಪಾಠ ಕಲಿಯಬಹುದು. ಎಎಲ್‌ಎಸ್ ಎಂಬ ಕಾಯಿಲೆಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗಿದ್ದದ್ದು ಇದೇ. ತಮ್ಮ ಸಹೋದರನಿಗೆ ಈ ಕಾಯಿಲೆ ಬಂದ ಮೇಲೆ ಅಮೆರಿಕದ ಹೇವುಡ್ ಸಹೋದರರು 2004ರಲ್ಲಿ 'ಪೇಷೆಂಟ್ಸ್‌ಲೈಕ್‌ಮಿ' ಎಂಬ ಅಂತರ್ಜಾಲ ಬಳಗವನ್ನು ಸ್ಥಾಪಿಸಿದರು. 2008ರಲ್ಲಿ ಇಟಲಿಯ ಸಣ್ಣ ಅಧ್ಯಯನವೊಂದು ಲಿಥಿಯಂ ಮಾತ್ರೆಯಿಂದ ಈ ಕಾಯಿಲೆ ನಿಧಾನವಾಗುತ್ತದೆಂದು ಹೇಳಿತು. ಬಳಗದ ಹಲವರು ಅದನ್ನು ನುಂಗತೊಡಗಿದರು. ಅವರು ಅಷ್ಟಕ್ಕೇ ನಿಲ್ಲಿಸಿದ್ದರೆ ಅದೂ ಒಂದು ಗಾಳಿಮಾತಾಗಿ ಊರೆಲ್ಲ ಹರಡುತ್ತಿತ್ತು. ಆದರೆ ಅವರು ಎಷ್ಟು ತೆಗೆದುಕೊಂಡೆವು, ಕೈಕಾಲಿನ ಶಕ್ತಿ ಎಷ್ಟು ಉಳಿದಿದೆ ಎಂದು ಬರೆದಿಡುತ್ತಾ ಬಂದರು. ಮಾತ್ರೆ ತೆಗೆದುಕೊಂಡ 149 ಮಂದಿಯ ಲೆಕ್ಕವನ್ನು, ತೆಗೆದುಕೊಳ್ಳದ, ಅದೇ ಸ್ಥಿತಿಯಲ್ಲಿದ್ದ ಇತರರ ಲೆಕ್ಕದೊಡನೆ ತುಲನೆ ಮಾಡಲಾಯಿತು. ಪ್ರಯೋಜನ ಕಾಣಲಿಲ್ಲ. 2011ರಲ್ಲಿ ಫಲಿತಾಂಶ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ವೈದ್ಯರು ನಡೆಸಿದ ಪರೀಕ್ಷೆಗಳೂ ಅದನ್ನೇ ಹೇಳಿದವು.

ನಾನು ಈ ಕಥೆಯನ್ನು ಎರಡು ಕಾರಣಕ್ಕೆ ಹೇಳುತ್ತೇನೆ. ರೋಗಿಗಳ ಬಳಗವೂ ತಪ್ಪು ದಾರಿಗೆ ಹೊರಳಬಹುದು. ಬರೆದಿಟ್ಟು, ಎಣಿಸಿ, ನಿಜ ಒಪ್ಪಿಕೊಳ್ಳುವ ಬಳಗ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬಲ್ಲದು. "ನನಗೆ ಗುಣವಾಯಿತು" ಎಂಬ ಒಬ್ಬರ ಮಾತು ಪುರಾವೆಯಲ್ಲ, ಎಷ್ಟೇ ಪ್ರೀತಿಯಿಂದ ಹೇಳಿದರೂ ಅಲ್ಲ.

ಒಳ್ಳೆಯ ಗುಂಪು ಯಾವುದು?

ಮನೆಯವರು ಯಾವುದೇ ಗುಂಪಿಗೆ ಸೇರುವ ಮುನ್ನ ಈ ಕೆಲವು ಅಂಶಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

ಮೊದಲನೆಯದಾಗಿ, ಗುಂಪನ್ನು ನಡೆಸುವವರು ಯಾರೆಂದು ತಿಳಿದಿರಬೇಕು. ಅದೇ ಕಾಯಿಲೆಯ ಅನುಭವವುಳ್ಳವರು ನಡೆಸಿ, ಒಬ್ಬ ವೈದ್ಯರೋ ದಾದಿಯೋ ಆಗಾಗ ಕಣ್ಣಾಡಿಸುವಂತಿದ್ದರೆ ಉತ್ತಮ.

ಎರಡನೆಯದಾಗಿ, ಅಲ್ಲಿ ಏನನ್ನೂ ಮಾರುವಂತಿರಬಾರದು. ಮಧುಮೇಹವನ್ನು ಗುಣಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಪುಡಿ, ಕಷಾಯ, ಯಂತ್ರ ಯಾವುದರ ಮಾತು ಬಂದರೂ ಗುಂಪು ನಡೆಸುವವರು ಅದನ್ನು ಅಳಿಸಬೇಕು.

ಮೂರನೆಯದಾಗಿ, ಔಷಧಿ ನಿಲ್ಲಿಸಿ, ಪ್ರಮಾಣ ಬದಲಿಸಿ ಎಂದು ಒಬ್ಬರಿಗೊಬ್ಬರು ಹೇಳಕೂಡದು. "ನಮ್ಮ ಮನೆಯಲ್ಲಿ ಹೀಗಾಯಿತು" ಎನ್ನಬಹುದು, "ನೀವೂ ಹೀಗೆ ಮಾಡಿ" ಎನ್ನಬಾರದು. ಮಕ್ಕಳ ತೂಕ, ವಯಸ್ಸು, ಊಟ ಬೇರೆ ಬೇರೆ. ಒಂದು ಮಗುವಿಗೆ ಸರಿಯಾದ ಪ್ರಮಾಣ ಇನ್ನೊಂದು ಮಗುವಿನ ಪ್ರಾಣಕ್ಕೆ ಅಪಾಯ.

ನಾಲ್ಕನೆಯದಾಗಿ, ಗುಟ್ಟು ಉಳಿಯಬೇಕು. ಹೆಸರು, ವಿಳಾಸ, ಮಗುವಿನ ಭಾವಚಿತ್ರ, ಲ್ಯಾಬ್ ವರದಿಗಳನ್ನು ಗುಂಪಿನಲ್ಲಿ ಹಾಕಬೇಡಿ. ಒಮ್ಮೆ ಹಾಕಿದ್ದು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ವರದಿಯನ್ನು ವೈದ್ಯರಿಗೆ ಮಾತ್ರ ತೋರಿಸಿ.

ಐದನೆಯದಾಗಿ, ತುರ್ತು ಸಮಯದಲ್ಲಿ ಗುಂಪಿನಲ್ಲಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯಬೇಡಿ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಮಗು ಬೆವರಿ ನಡುಗುತ್ತಿದ್ದರೆ ಮೊದಲು ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಚಹಾ ಚಮಚ, ನೀರಿನಲ್ಲಿ ಕದಡಿ ಕುಡಿಸಿ. ತೀರ ಚಿಕ್ಕ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕು, ಎಷ್ಟೆಂದು ನಿಮ್ಮ ವೈದ್ಯರಿಂದ ಮೊದಲೇ ತಿಳಿದಿಟ್ಟುಕೊಳ್ಳಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು ಕಂಡರೂ ಅಷ್ಟೇ. ಮಗು ಊಟ ಬಿಟ್ಟಿದೆಯೆಂದು ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಇನ್ನೊಂದು ಮಾತು. ದೀರ್ಘ ಕಾಯಿಲೆಯವರಲ್ಲಿ ಕೆಲವರು ಬೇಸತ್ತು ಬದುಕೇ ಬೇಡವೆಂದು ಬರೆಯುವುದುಂಟು. ಅದನ್ನು ಓದಿ ಸುಮ್ಮನಿರಬೇಡಿ, ಬುದ್ಧಿವಾದವನ್ನೂ ಹೇಳಬೇಡಿ. ಅವರಿಗೆ ಫೋನ್ ಮಾಡಿ ಮಾತು ಕೇಳಿಸಿಕೊಳ್ಳಿ, ಮನೆಯವರಿಗೆ ತಿಳಿಸಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರಿಗೆ, ವೈದ್ಯಮಿತ್ರರಿಗೆ

ಹಿರಿಯರಲ್ಲಿ ನನ್ನದೊಂದು ವಿನಂತಿ. ಕಾಯಿಲೆಯ ಸೊಸೆಯೋ ಮಗನೋ ಫೋನು ಹಿಡಿದು ಕುಳಿತರೆ "ಇಡೀ ದಿನ ಅದೇ ಆಯ್ತು" ಎಂದು ಗೊಣಗಬೇಡಿ. ಏನು ಮಾತಾಡುತ್ತಿದ್ದಾರೆಂದು ಒಮ್ಮೆ ಕೇಳಿ ನೋಡಿ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ಸ್ವಂತ ಫೋನೇ ಇಲ್ಲ. ದಿನಕ್ಕೆ ಅರ್ಧ ಗಂಟೆ ಅವರಿಗೆ ಫೋನು ಬಿಟ್ಟುಕೊಡುವುದೂ ಶುಶ್ರೂಷೆಯೇ. ಮಕ್ಕಳ ವಿಷಯದಲ್ಲಿ ಮಾತ್ರ ದೊಡ್ಡವರು ಜೊತೆಗಿರಬೇಕು, ಒಂಟಿಯಾಗಿ ಅಪರಿಚಿತರ ನಡುವೆ ಬಿಡಬಾರದು. ಗುಂಪಿನ ಮಾತಿನಿಂದ ಮನಸ್ಸು ಹಗುರಾಗುವ ಬದಲು ದಿನೇ ದಿನೇ ಭಯ ಹೆಚ್ಚುತ್ತಿದ್ದರೆ ಕೆಲವು ದಿನ ದೂರವಿರಲಿ.

ಕಾಯಿಲೆಯನ್ನು ಮುಚ್ಚಿಡುವ ಮನೆಗಳಿಗೂ ಒಂದು ಮಾತು. ಹೆಣ್ಣುಮಗುವಿನ ಟೈಪ್ 1 ಮಧುಮೇಹವನ್ನು ಮದುವೆಯ ಚಿಂತೆಯಿಂದ ನೆಂಟರಿಗೂ ಶಾಲೆಗೂ ತಿಳಿಸದೆ ಇಡುವವರಿದ್ದಾರೆ. ಶಾಲೆಯಲ್ಲಿ ಸಕ್ಕರೆ ಇಳಿದು ಮಗು ಕುಸಿದರೆ ಶಿಕ್ಷಕರಿಗೆ ಕಾರಣವೇ ಗೊತ್ತಿರುವುದಿಲ್ಲ. ಅದೇ ಕಾಯಿಲೆಯಿದ್ದು ಸಂಸಾರ ನಡೆಸುತ್ತಿರುವ ಹೆಣ್ಣುಮಗಳೊಬ್ಬಳ ಜೊತೆ ನಿಮ್ಮ ಮಗಳು ಮಾತನಾಡಲಿ. ನೀವೂ ಮಾತನಾಡಿ.

ವೈದ್ಯಮಿತ್ರರಲ್ಲಿ ನಾನು ಕೇಳುವುದು ಐದು ನಿಮಿಷದ ಕೆಲಸ. ಹೊಸದಾಗಿ ಕಾಯಿಲೆ ಪತ್ತೆಯಾದ ಮನೆಯವರಿಗೆ, ಇಬ್ಬರ ಒಪ್ಪಿಗೆಯನ್ನೂ ಪಡೆದು, ಅನುಭವಸ್ಥ ಮನೆಯೊಂದರ ಪರಿಚಯ ಮಾಡಿಸಿ. ರೋಗಿಗಳು ಗುಂಪಿನಲ್ಲಿ ಕೇಳಿದ್ದನ್ನು ಬಂದು ಹೇಳಿದರೆ ಸಿಡುಕಬೇಡಿ. ಸಿಡುಕಿದರೆ ಮುಂದಿನ ಸಲ ಅವರು ಹೇಳುವುದಿಲ್ಲ, ಮಾಡಿಬಿಡುತ್ತಾರೆ. ಇದನ್ನು ನಾನು ತಪ್ಪು ಮಾಡಿಯೇ ಕಲಿತದ್ದು.

ಆ ತಾಯಿಯ ವಿಷಯಕ್ಕೆ ಮರಳುತ್ತೇನೆ. ಅಂದು ನಾನು ಇನ್ನೊಬ್ಬ ತಾಯಿಗೆ ಫೋನ್ ಮಾಡಿ, ಒಪ್ಪಿಗೆ ಕೇಳಿ, ಅವರ ಸಂಖ್ಯೆ ಕೊಟ್ಟೆ. ಮುಂದಿನ ಸಲ ಬಂದಾಗ ಆಕೆ ಹೇಳಿದರು: "ಆ ಅಕ್ಕನೂ ಒಂದ್ಸಲ ಯಾರದೋ ಮಾತು ಕೇಳಿ ಇನ್ಸುಲಿನ್ ನಿಲ್ಸಿದ್ರಂತೆ ಡಾಕ್ಟ್ರೇ. ಆಮೇಲೆ ಏನಾಯ್ತು ಅಂತ ಹೇಳಿದ್ರು. ಇನ್ನು ಯಾರು ಏನೇ ಹೇಳಿದ್ರೂ ನಾನು ನಿಲ್ಸಲ್ಲ." ನನ್ನ ಗದರಿಕೆ ಮಾಡದ ಕೆಲಸವನ್ನು ಆ ಒಂದು ಫೋನ್ ಕರೆ ಮಾಡಿತ್ತು.

ಆ ಎರಡು ಮನೆಗಳಿಂದ ಆರಂಭವಾದ ಗುಂಪಿನಲ್ಲಿ ಈಗ ಹಲವು ಮನೆಗಳಿವೆ. ಹುಡುಗ ಪಿಯುಸಿ ಓದುತ್ತಿದ್ದಾನೆ. ಹೊಸದಾಗಿ ಕಾಯಿಲೆ ಪತ್ತೆಯಾದ ಚಿಕ್ಕ ಮಕ್ಕಳಿಗೆ ಸೂಜಿ ಚುಚ್ಚಿಕೊಳ್ಳುವುದನ್ನು ವೀಡಿಯೊ ಕರೆಯಲ್ಲಿ ಅವನೇ ತೋರಿಸಿಕೊಡುತ್ತಾನೆ.

ನಿಮ್ಮ ಮನೆಯಲ್ಲೂ ದೀರ್ಘ ಕಾಯಿಲೆಯವರಿದ್ದರೆ, ಮುಂದಿನ ಸಲ ವೈದ್ಯರ ಬಳಿ ಹೋದಾಗ ಔಷಧಿಯ ಬಗ್ಗೆ ಕೇಳಿದ ಮೇಲೆ ಆ ತಾಯಿ ಕೇಳಿದ ಪ್ರಶ್ನೆಯನ್ನೂ ಕೇಳಿ. ನೀವೇ ಅನುಭವಸ್ಥರಾಗಿದ್ದರೆ, ನಿಮ್ಮ ಸಂಖ್ಯೆಯನ್ನು ಕೊಡಲು ಒಪ್ಪಿಗೆಯಿದೆ ಎಂದು ವೈದ್ಯರಿಗೆ ತಿಳಿಸಿ ಬನ್ನಿ.